ಐಬಿಲ್ಲದ ಹೋತ

ಸುರೇಬಾನದ ಟಂಟಂ ಡ್ರೈವರ್ ಖಾಸಿಮಸಾಬರ ಮನೆಯಲ್ಲಿ ಹೋತ ಒಮ್ಮೆ ಸೀನಿದರೂ ಸಾಕು, ಎಲ್ಲರೂ ಗಾಬರಿಯಾಗುತ್ತಿದ್ದರು. ಬಕ್ರೀದಿಗೆಂದು ಮರಿಯಿಂದ ಸಾಕಿದ ಹೋತ ಅದು. ಕುರ್ಬಾನಿಯ ಪ್ರಾಣಿಗೆ ಕುಂಟು, ಕುರುಡು, ರೋಗ, ಯಾವ ಐಬೂ ಇರಬಾರದು. ಈ ಕಟ್ಟಳೆ ಗೊತ್ತಿಲ್ಲದವರು ಯಾರು? ಆದರೆ ಖಾಸಿಮಸಾಬರು ಅದಕ್ಕೆ ತಮ್ಮದೇ ಒಂದು ಉಪಾಯ ಹುಡುಕಿದ್ದರು. ಹೋತ ಕೆಮ್ಮಿತೋ, ಯಾರದೋ ಜ್ವರಕ್ಕೆ ತಂದು ಉಳಿದ ಗುಳಿಗೆಯನ್ನು ಬೆಲ್ಲದಲ್ಲಿಟ್ಟು ತಿನ್ನಿಸುವುದು. ಹೊಟ್ಟೆ ಕೆಟ್ಟಿತೋ, ಇನ್ನೊಂದು ಬಣ್ಣದ ಗುಳಿಗೆ. ತುಸು ಚೇತರಿಸಿದರೆ ಮಿಕ್ಕಿದ್ದು ಮತ್ತೆ ಗೋಡೆಯ ಗೂಡಿಗೆ, ಮುಂದಿನ ಸಲಕ್ಕೆ!

ಹೋತ ಮಲಗುತ್ತಿದ್ದದ್ದು ಪಡಸಾಲೆಯಲ್ಲಿ, ಅವರ ಹೆಂಡತಿ ಸುಗರಾಬಿಯ ಹಾಸಿಗೆಯ ಪಕ್ಕ. ಆ ಓಣಿಗೆ ಬೆಳಗಾಗುತ್ತಿದ್ದದ್ದೇ ಸುಗರಾಬಿ ಜೋಳದ ರೊಟ್ಟಿ ಬಡಿಯುವ ಸಪ್ಪಳದಿಂದ. ಮೊದಲ ರೊಟ್ಟಿಯನ್ನು ಮುರಿದು ಹೋತದ ಬಾಯಿಗೇ ಇಡುತ್ತಿದ್ದಳು.

ಪಕ್ಕದ ಮನೆಯ ದೇವಕ್ಕ ಮಹಿಳಾ ಸಂಘದ ಪಶುಸಖಿ. ದನ, ಆಡುಗಳ ಆರೈಕೆಯ ತರಬೇತಿ ಪಡೆದವಳು. ಒಂದು ಮುಂಜಾನೆ ಬೆಲ್ಲದೊಳಗಿನ ಗುಳಿಗೆ ಅವಳ ಕಣ್ಣಿಗೆ ಬಿತ್ತು.

“ಅಣ್ಣಾ, ಇದೇನ ತಿನಸಾಕತ್ತೀರಿ? ಡಾಕ್ಟರ್ ಹೇಳ್ಯಾರೇನು?”

“ಡಾಕ್ಟರ್ ಯಾಕ ಬೇಕವಾ? ಇದ ಗುಳಿಗಿ ತಗೊಂಡು ನಾ ಆರಾಮ ಆಗೇನಿ. ಹೋತ ಆಗಾಂಗಿಲ್ಲೇನು?”

“ಆಂಟಿಬಯೋಟಿಕ್ ಅಂದ್ರ ಶೇಂಗಾ-ಪುಠಾಣಿ ಅಲ್ರಿ, ಬೇಕಾದಂಗ ತಿನಸಾಕ. ಅರ್ಧಮರ್ಧ ಕೊಟ್ರ ಮೆತ್ತನ ಕ್ರಿಮಿ ಸಾಯತಾವು, ಗಟ್ಟಿ ಕ್ರಿಮಿ ಉಳದು ಬೆಳೀತಾವು. ಮುಂದ ಖರೇನ ಔಷಧ ಬೇಕಾದಾಗ ಅದು ನಾಟಾಂಗಿಲ್ಲ.”

“ಹೋತದ ರೋಗ ಹೋತಕ್ಕ ಬಿಡವಾ. ನಮಗೇನು?”

“ರೋಗ ಬ್ಯಾರೆ ಅಂತೀರಿ, ಗುಳಿಗಿ ಮಾತ್ರ ಒಂದ ಅಂತೀರಿ! ಭಾಬಿ ಅದರ ಬಾಜೂಕ ಮಲಗತಾರ, ಹಿಕ್ಕಿ ಬಳೀತಾರ. ಹೋತ ಯಾರು, ಮನಿಷಾ ಯಾರು ಅಂತ ಕ್ರಿಮಿ ಕೇಳತೈತೇನ್ರಿ?”

“ಭಾಳ ಶಾಣ್ಯಾಕಿ ಆದಿ ನೀ,” ಎಂದು ಖಾಸಿಮಸಾಬರು ನಕ್ಕುಬಿಟ್ಟರು. ಆ ನಗು ಅವರಿಗೆ ಮುಂದೆ ಎಷ್ಟು ಸಲ ನೆನಪಾಯಿತೋ, ದೇವರೇ ಬಲ್ಲ.

ಹಬ್ಬ ಹತ್ತಿರ ಬಂದಾಗ ಹೋತದ ಕುತ್ತಿಗೆಯಲ್ಲಿ ಬಾವು ಎದ್ದಿತು. ಗೂಡಿನ ಬಣ್ಣಬಣ್ಣದ ಗುಳಿಗೆಗಳನ್ನು ತಿನ್ನಿಸಿದರೂ ಇಳಿಯಲಿಲ್ಲ. ಸುಗರಾಬಿ ಬೇವಿನ ನೀರಿನಲ್ಲಿ ತೊಳೆದು, ಹಿಚುಕಿ ಕೀವು ತೆಗೆದಳು. ಅವಳ ಬಲಗೈ ಬೆರಳಿಗೆ ರೊಟ್ಟಿಯ ಹಂಚು ತಾಗಿ ಸುಟ್ಟ ಹಸಿಗಾಯವಿತ್ತು. ಅದನ್ನು ಯಾರು ಲೆಕ್ಕಕ್ಕೆ ಹಿಡಿದಿದ್ದರು?

ಬೆರಳು ಕೆಂಪಾಯಿತು, ಬಾತುಕೊಂಡಿತು, ಮೈ ಕೆಂಡವಾಯಿತು. ಖಾಸಿಮಸಾಬರು ಅಂಗಡಿಗೆ ಹೋಗಿ ಅದೇ ಗುಳಿಗೆ ತಂದುಕೊಟ್ಟರು. ಜ್ವರ ಇಳಿಯಲಿಲ್ಲ. ಪಕ್ಕದ ಬೆರಳೂ ಕಪ್ಪಿಡತೊಡಗಿದಾಗ ಟಂಟಂನಲ್ಲಿ ಮಲಗಿಸಿಕೊಂಡು ರಾಮದುರ್ಗಕ್ಕೆ ಓಡಿದರು. ಅಲ್ಲಿಂದ ಬೆಳಗಾವಿಗೆ ಕಳಿಸಿದರು.

ಬೆಳಗಾವಿಯ ಡಾಕ್ಟರು ಅವರನ್ನು ಪಕ್ಕಕ್ಕೆ ಕರೆದರು. “ಕೀವು ಪರೀಕ್ಷಾ ಮಾಡಿಸೇವಿ. ಯಾವಾಗ್ಲೂ ಕೊಡೋ ಔಷಧ ಈ ಕ್ರಿಮಿಗೆ ನಾಟವಲ್ವು. ಬ್ಯಾರೆ ಔಷಧ ಚಾಲೂ ಮಾಡೇವಿ. ಆದ್ರ ಎರಡ ಬೆರಳು ಆಗ್ಲೇ ಕೊಳತಾವು. ತಗೀಲಿಲ್ಲಂದ್ರ ಕೈ ಹೋಗತೈತಿ, ಜೀವಾನೂ ಹೋದೀತು.”

“ಸಾಹೇಬ್ರ, ಅಕಿ ರೊಟ್ಟಿ ಬಡಿಯೋ ಕೈರಿ ಅದು,” ಎಂದಷ್ಟೇ ಅಂದರು ಖಾಸಿಮಸಾಬರು. ಗೋಡೆಗೆ ಒರಗಿ ಚಿಕ್ಕ ಮಗುವಿನಂತೆ ಅತ್ತರು.

ಸುಗರಾಬಿ ಬದುಕಿದಳು. ಬಲಗೈಯಲ್ಲಿ ಹೆಬ್ಬೆರಳೂ ತೋರುಬೆರಳೂ ಇಲ್ಲದೆ ಮನೆಗೆ ಬಂದಳು.

ಅಷ್ಟರಲ್ಲಿ ದೇವಕ್ಕ ಪಶುವೈದ್ಯರನ್ನು ಕರೆತಂದು ಹೋತದ ಕೀವನ್ನೂ ಪರೀಕ್ಷೆಗೆ ಕಳಿಸಿದ್ದಳು. ಅದರಲ್ಲಿಯೂ ಅದೇ ಜಾತಿಯ ಕ್ರಿಮಿ, ಅದೇ ಗುಳಿಗೆಗಳಿಗೆ ಬಗ್ಗದ ಕ್ರಿಮಿ. ಐಬಾದ ಹೋತ ಹಬ್ಬಕ್ಕೂ ಆಗಲಿಲ್ಲ.

“ಮದ್ಲ ನಿನ್ನ ಮಾತ ಕೇಳಿದ್ರ...” ಎಂದರು ಖಾಸಿಮಸಾಬರು.

“ಆಗಿದ್ದ ಆತು ಅಣ್ಣಾ. ಔಷಧ ಕೆಟ್ಟದ್ದಲ್ಲ, ಹೆಂಗ ಬೇಕಂಗ ಕೊಡೂದು ಕೆಟ್ಟದ್ದು. ಹೋತ ಇನ್ನ ಹೊರಗ ಇರ್ಲಿ. ಅದನ್ನ ಮುಟ್ಟಿದ ಮ್ಯಾಲ ಸಬಕಾರ ಹಚ್ಚಿ ಕೈ ತೊಳೀರಿ. ಕೈಗೆ ಗಾಯ ಇದ್ರ ಮುಟ್ಟಾಕ ಹೋಗಬ್ಯಾಡ್ರಿ.”

ಖಾಸಿಮಸಾಬರು ಗೂಡನ್ನು ಬರಿದು ಮಾಡಿ, ಇದ್ದಬಿದ್ದ ಪಾಕೀಟುಗಳನ್ನೆಲ್ಲ ಆಸ್ಪತ್ರೆಗೆ ಒಯ್ದು ಕೊಟ್ಟರು. ಈಗ ಅವರ ಮನೆಯಲ್ಲಿ ರೊಟ್ಟಿ ಬಡಿಯುವವರು ಅವರೇ. ಸುಗರಾಬಿ ಎದುರಿಗೆ ಕುಳಿತು ಹೇಳಿಕೊಡುತ್ತಾಳೆ, “ನೀರ ಕಡಿಮಿ ಆತ್ರಿ, ಬಿರೀತೈತಿ.” ರೊಟ್ಟಿ ಬಿರಿಯುತ್ತದೆ. ಅವರು ಮತ್ತೆ ಹಿಟ್ಟು ಕಲಸುತ್ತಾರೆ. ಆ ಮೊದಲಿನ ಸಪ್ಪಳ ಮಾತ್ರ ಓಣಿಯಲ್ಲಿ ಕೇಳುವುದಿಲ್ಲ.

ಓದುತ್ತಿರುವ ಅಕ್ಕ, ಅಣ್ಣಂದಿರೇ, ನಿಮ್ಮ ಆಡು, ಎಮ್ಮೆ, ಕೋಳಿಗೆ ಜಡ್ಡಾದರೆ ಪಶುವೈದ್ಯರನ್ನು ಕೇಳಿ. ಅವರು ಹೇಳಿದಷ್ಟು ದಿನ ಪೂರ್ತಿ ಔಷಧ ಕೊಡಿ. ಔಷಧ ನಡೆದಿರುವಾಗ ಅದರ ಹಾಲು, ಮಾಂಸ ಯಾವಾಗ ಬಳಸಬಹುದೆಂದೂ ಅವರನ್ನೇ ಕೇಳಿ. ಮನುಷ್ಯರ ಗುಳಿಗೆ ಪ್ರಾಣಿಗೆ ಬೇಡ, ಪ್ರಾಣಿಯದು ಮನುಷ್ಯರಿಗೆ ಬೇಡ. ನಿಮ್ಮ ಮನೆಯ ಗೋಡೆಯಲ್ಲೂ ಒಂದು ಗೂಡು ಇದ್ದೇ ಇರುತ್ತದೆ. ಈ ಹಾಳೆ ಕೆಳಗಿಟ್ಟು, ಈಗಲೇ ಎದ್ದು ಅದರಲ್ಲಿ ಏನಿದೆ ನೋಡಿ.