ನಿಂಗಣ್ಣನ ಕಣ್ಣೀರು

ಸೊಲ್ಲಾಪುರದ ಟವೆಲ್ ವ್ಯಾಪಾರಿ ಯೋಗಿರಾಜರ ಮಗಳು ಶೀತಲ ಪ್ರಾಣಿದಯಾ ಸಂಘ ಸೇರಿ ಎರಡು ವರ್ಷವಾಗಿತ್ತು. ಬರುವ ಐದು ವರ್ಷಗಳಲ್ಲಿ ಅಕ್ಕಲಕೋಟ ತಾಲೂಕಿನಲ್ಲಿ ನೂರು ಕೋಳಿ ಶೆಡ್ ಎಬ್ಬಿಸಲು ಒಂದು ಕಂಪನಿ ಹೊರಟಿದೆ ಎಂದು ಕೇಳಿದಾಗಿನಿಂದ ಅವಳಿಗೆ ಊಟ ರುಚಿಸಿರಲಿಲ್ಲ. ಮೊದಲ ಶೆಡ್ ವಾಗದರಿಯ ನಿಂಗಣ್ಣನದು. ಕಂಬಗಳು ಆಗಲೇ ನಿಂತಿದ್ದವು, ಕರಾರಿಗೆ ಸಹಿ ಮಾತ್ರ ಬಾಕಿ. ಹನ್ನೆರಡು ಪುಟದ ಭಾಷಣ ಬರೆದುಕೊಂಡು ಶೀತಲ ಬಸ್ ಹತ್ತಿದಳು.

ನಿಂಗಣ್ಣನ ಕಟ್ಟೆಯ ಮೇಲೆ ಹತ್ತಾರು ಜನ ಕೂತಿದ್ದರು. ಶೀತಲ ಕೈಮುಗಿದು ಶುರುಮಾಡಿದಳು: "ದಯಮಾಡಿ ಕೋಳಿ ತಿನ್ನೂದು ಬಿಡ್ರಿ."

ಕಟ್ಟೆಯೆಲ್ಲ ಗೊಳ್ಳೆಂದು ನಕ್ಕಿತು. ನಿಂಗಣ್ಣ ಕೊರಳಿನ ಲಿಂಗ ತೋರಿಸಿದ. "ತಂಗಿ, ನಮ್ಮ ಮನ್ಯಾಗ ತತ್ತಿ ಸುದ್ದಾ ಬರಂಗಿಲ್ಲ. ತಿನ್ನಾವ್ರು ನಿಮ್ಮ ಸೊಲ್ಲಾಪುರದಾಗ ಅದಾರ. ನಿನ್ನ ಭಾಷಣಾ ಅಲ್ಲಿ ಓದು."

ಪ್ರತಿ ರವಿವಾರ ಗೆಳೆಯನ ಮನೆಗೆಂದು ಹೋಗಿ, ಕೋಳಿಯ ವಾಸನೆ ಮರೆಸಲು ಏಲಕ್ಕಿ ಅಗಿಯುತ್ತ ಬರುವ ತಮ್ಮ ಶೀತಲಳ ಕಣ್ಣಮುಂದೆ ಬಂದ. ಅವಳು ಹಾಳೆಗಳನ್ನು ಮಡಚಿದಳು.

"ಕಾಕಾ, ನೀವು ಕೋಳಿ ತುಂಬಿದ ಶೆಡ್ಡಿನೊಳಗ ಹೋಗೀರೇನು?"

"ಕಂಪನಿಯಾವ್ರು ಮೊಬೈಲ್‌ದಾಗ ತೋರಿಸ್ಯಾರ. ಭಾರಿ ಅದ."

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಸೋನಾಬಾಯಿ ಬಾಯಿ ಹಾಕಿದಳು. "ಮೊಬೈಲ್‌ದಾಗ ವಾಸನಿ ಬರ್ತದೇನ್ರಿ? ಬೋರಾಮಣಿ ಕಡಿ ಬ್ಯಾರೆಯವರ ಶೆಡ್ ಒಂದು ಅದ ಅಂತ. ನಡೀರಿ, ನೋಡೇ ಬರೂಣು."

ಊರಿನ ಶಂಕರೆಪ್ಪನ ಬಾಡಿಗೆ ಜೀಪಿನಲ್ಲಿ ಮೂವರೂ ಹೋದರು. ಶೆಡ್ಡಿನಲ್ಲಿ ನೆಲವೇ ಕಾಣಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಬರೀ ಬಿಳಿ ಕೋಳಿ. ಘಾಟಿಗೆ ಸೋನಾಬಾಯಿ ಮೂಗಿಗೆ ಸೆರಗು ಒತ್ತಿಕೊಂಡು ಹೊರಗೋಡಿದಳು. ನಿಂಗಣ್ಣ ಮಾತ್ರ ಗಂಡಸುತನಕ್ಕೆ ನಿಂತ. ಅವನ ಕಾಲ ಬಳಿ ಒಂದು ಕೋಳಿ ತನ್ನ ಭಾರ ತಾನೇ ಹೊರಲಾರದೆ ಕುಸಿಯಿತು. ಅವನು ಬಗ್ಗಿ ನಿಲ್ಲಿಸಿದ. ಮತ್ತೆ ಕುಸಿಯಿತು. ಮತ್ತೆ ನಿಲ್ಲಿಸಿದ. ಹೊರಗೆ ಬಂದಾಗ ಅವನ ಮೀಸೆ ತುಂಬ ಕಣ್ಣೀರು.

"ಘಾಟ," ಎಂದ.

ಜೀಪಿನ ಶಂಕರೆಪ್ಪ ಕೇಳಬೇಕಲ್ಲ! ಅವರು ಮನೆ ಮುಟ್ಟಿ ಚಹಾ ಕುಡಿಯುವಷ್ಟರಲ್ಲಿ, ನಿಂಗಣ್ಣ ಕೋಳಿಗಳಿಗಾಗಿ ಬಿಕ್ಕಿಬಿಕ್ಕಿ ಅತ್ತ ಸುದ್ದಿ ಊರೆಲ್ಲ ಹಬ್ಬಿತ್ತು. ಮುದುಕಿ ರತ್ನಾಬಾಯಿ ಬಂದವಳೇ, "ಶರಣ ಅದಾನ ನನ್ನಪ್ಪ," ಎಂದು ಕಾಲು ಹಿಡಿದಳು. ನಿಂಗಣ್ಣ ಮೀಸೆ ಸವರಿಕೊಂಡು ಮುದುಕಿಯನ್ನು ಎಬ್ಬಿಸಿದ. ಶರಣ ಅನಿಸಿಕೊಂಡ ಮೇಲೆ ಘಾಟಿನ ಮಾತು ಹೇಗೆ ಆಡುವುದು?

ಮರುದಿನ ಕಂಪನಿಯ ಲಕ್ಷ್ಮೀಕಾಂತ ಕರಾರುಪತ್ರ ಹಿಡಿದು ಬಂದಾಗ ಕಟ್ಟೆ ತುಂಬಿತ್ತು. ನಿಂಗಣ್ಣ ಎದೆ ಸೆಟೆಸಿ ಹೇಳಿದ: "ಜೀವಕ್ಕ ಹಿಂಸಾ ಕೊಡಾಂವ ಅಲ್ಲ ನಾ. ಕಂಬದ ಮ್ಯಾಲ ತಗಡು ಹೊದಿಸಿ ತೊಗರಿ ಇಡತೀನಿ."

ಸುದ್ದಿ ಕೇಳಿ ಶೀತಲ ಪೇಢೆ ಹಿಡಿದು ಓಡಿಬಂದಳು. ಸೋನಾಬಾಯಿ ನಗುತ್ತ ಪೇಢೆ ತಿಂದಳು.

"ಕಾಕಾ ಖರೇನಾ ಅತ್ರೇನು ಕಾಕೂ?"

"ಯಾರಿಗ್ಗೊತ್ತು ಯವ್ವಾ. ಘಾಟ ಅಂತಾರ. ಆದ್ರ ನಿನ್ನೆ ಊಟಕ್ಕ ಕುಂತಾಗ, 'ಆ ಕೋಳಿ ನಿಂತಿತೋ ಇಲ್ಲೋ' ಅಂತ ಎರಡು ಸಲ ಕೇಳಿದ್ರು." ಅವಳು ದನಿ ತಗ್ಗಿಸಿದಳು. "ಲಕ್ಷ್ಮೀಕಾಂತ ಈಗ ನನ್ನ ತವರಿಗೆ, ನನ್ನ ಅಣ್ಣನ ಕಡಿ ಹೋಗ್ಯಾನಂತ. ಅಲ್ಲಿ ಇನ್ನೂ ಕಂಬದ ಕುಣಿ ತೋಡಿಲ್ಲ."

"ಹಂಗಾದ್ರ ಇವತ್ತೇ ಹೋಗಬೇಕು!"

"ನಾನೂ ಬರ್ತೀನಿ. ನನ್ನ ಅಣ್ಣಾ ಭಾಷಣ ಕೇಳಾಂವ ಅಲ್ಲ." ಸೋನಾಬಾಯಿ ಚಪ್ಪಲಿ ಮೆಟ್ಟಿದಳು. "ಅವನ ಹೆಂಡ್ತೀನ ಬೋರಾಮಣಿಗೆ ಕರಕೊಂಡು ಹೋಗೂಣು. ಆಕಿ ಮೂಗು ಭಾಳ ಚುರುಕು ಅದ."