ನೆಲದ ಮೇಲಿನ ನೋಟು

ನೆಲದ ಮೇಲಿನ ಹಳದಿ ಪಾದದ ಗುರುತುಗಳು ಸವೆದುಹೋಗಿವೆ, ಕೊರೊನಾ ಕಾಲದಲ್ಲಿ ಜನ ದೂರ ದೂರ ನಿಲ್ಲಲಿ ಅಂತ ಅಂಟಿಸಿದ್ದಿರಬೇಕು, ಬೆರಳುಗಳು ಅಳಿಸಿ ಹಿಮ್ಮಡಿ ಮಾತ್ರ ಉಳಿದಿದೆ, ಹಿತೇಶ ಅದರ ಮೇಲೆ ಚಪ್ಪಲಿ ಇಟ್ಟು ನೋಡಿದ, ಸರಿ ಕೂರುವುದಿಲ್ಲ — ಹಳದಿ ಅಂದರೆ ಅವನಿಗೆ ಈಗಲೂ ಮೈ ಉರಿಯುತ್ತದೆ, ದಸರೆಯ ಹುಲಿವೇಷಕ್ಕೆ ಬಳಿದ ಪೈಂಟು ಸೀಮೆಎಣ್ಣೆ ಹಾಕಿ ತಿಕ್ಕಿದರೂ ಕಿವಿಯ ಹಿಂದೆ ವಾರಗಟ್ಟಲೆ ಉಳಿದಿತ್ತು, ಅದು ಹೋಗುವ ಮೊದಲೇ ಬ್ಯಾಂಕಿನ ಖಾತೆ ಹೋಯಿತು. ಈಗ ಪಂಪ್‌ವೆಲ್‌ನ ಈ ಬ್ಯಾಂಕು, ಉಳಿದದ್ದು ಇದೊಂದೇ, ಹೊರಗೆ ಫ್ಲೈಓವರಿನ ಕೆಳಗೆ ಕಂಡಕ್ಟರ್ ತೊಕ್ಕೊಟ್ಟು ತೊಕ್ಕೊಟ್ಟು ಎಂದು ಕೂಗುತ್ತಿದ್ದಾನೆ, ಒಳಗೆ ಎ.ಸಿ., ಬೆವರು ತಣ್ಣಗಾಗಿ ಅಂಗಿ ಬೆನ್ನಿಗೆ ಅಂಟಿದೆ, ಸಂಜೆಯೊಳಗೆ ಅಕೌಂಟ್ ನಂಬರ್ ಕಳಿಸಬೇಕು, ಕೂಳೂರಿನ ಗೋದಾಮಿನಲ್ಲಿ ಕೆಲಸ ಕೊಡಲು ಒಪ್ಪಿದ ಬ್ರೆಂಡಾ ಮೇಡಂ ಬೆಳಿಗ್ಗೆಯೇ ಫೋನಿನಲ್ಲಿ ಹೇಳಿಯಾಗಿದೆ, ನಿನ್ನ ಹೆಸರಿನದೇ ಬೇಕು ಹಿತೇಶ್, ತಂಗಿಯದ್ದೆಲ್ಲ ಆಗುದಿಲ್ಲ, ಇವತ್ತು ಬರದಿದ್ದರೆ ನಾಳೆ ಬೇರೆಯವನನ್ನು ತೆಗೊಳ್ತೇವೆ, ನಂಗೂ ಬೇಜಾರುಂಟು, ಎಂತ ಮಾಡುದು. ಬೇಜಾರುಂಟಂತೆ. ಬೇಜಾರನ್ನು ಯಾವ ಕೌಂಟರಿನಲ್ಲಿ ಜಮೆ ಮಾಡುವುದು. ದಸರೆಯಿಂದ ಕೆಲಸವಿಲ್ಲ, ಹೋದಲ್ಲೆಲ್ಲ ಸಂಬಳ ಬ್ಯಾಂಕಿಗೇ ಹಾಕುತ್ತಾರೆ, ಕೈಯಲ್ಲಿ ಕೊಡುವ ಕಾಲ ಮುಗಿಯಿತು, ಬಂದರಿನಲ್ಲಿ ಮೀನಿನ ಬುಟ್ಟಿ ಹೊತ್ತರೂ ಸ್ಕ್ಯಾನ್ ಎಲ್ಲುಂಟು ಕೇಳುತ್ತಾರೆ. ಮೊದಲು ಹೋದ ಬ್ಯಾಂಕಿನವ ಕೂರಿ ಕೂರಿ ಅಂದ, ಪ್ಯಾನ್ ಕಾರ್ಡಿನ ನಂಬರ್ ಒತ್ತಿದ ಮೇಲೆ ಎದ್ದು ಬಾಗಿಲ ತನಕ ಬಂದ, ಮರ್ಯಾದೆಗಲ್ಲ, ಹೊರಗೆ ಹೋದನೋ ಇಲ್ಲವೋ ನೋಡಲಿಕ್ಕೆ. ಮತ್ತೊಂದರದ್ದು ಆ್ಯಪು, ಕಣ್ಣು ಮಿಟುಕಿಸಿ, ತಲೆ ಎಡಕ್ಕೆ ತಿರುಗಿಸಿ, ನಗಿ ಅಂತೆಲ್ಲ ಹೇಳಿತು, ನಕ್ಕ, ಮಂಗನ ಹಾಗೆ, ಕ್ಷಮಿಸಿ ಅಂತ ಬಂತು.

ಮುಖೇಶಣ್ಣ ಹೇಳಿದ್ದು ಸರಿಯೇ ಇತ್ತಲ್ಲ ಆವಾಗ, ಜೆಪ್ಪುವಿನ ಹುಲಿ ತಂಡದ ಯಜಮಾನ ಅವನು, ಹುಲಿಗೆ ಬಡಿಯುವ ತಾಸೆಯ ಬದಿಗೆ ಕ್ಯೂಆರ್ ಚೀಟಿ ಅಂಟಿಸಬೇಕು, ಈಗ ಯಾರ ಕಿಸೆಯಲ್ಲೂ ನೋಟಿಲ್ಲ, ನನ್ನದರಲ್ಲಿ ಹಾಕಿದರೆ ಲೋನಿನವರು ನುಂಗ್ತಾರೆ ಮಾರಾಯ, ನಿನ್ನ ಅಕೌಂಟೇ ಕ್ಲೀನ್ ಉಂಟು. ಕ್ಲೀನ್. ಎಲ್ಲರೂ ನಕ್ಕಿದ್ದರು, ಹಿತೇಶನೂ ಹುಲಿಯ ತಲೆ ಕಂಕುಳಲ್ಲಿ ಹಿಡಿದುಕೊಂಡು ನಕ್ಕಿದ್ದ, ಅಮ್ಮನ ಕಾಯಿಲೆಗೆ ಹರಕೆ ಹೊತ್ತು ವೇಷ ಹಾಕಿದವನಿಗೆ ಕ್ಯೂಆರಿನಲ್ಲಿ ಎಂತ ಹೆದರಿಕೆ — ಆಮೇಲೆ ಆ ಫ್ಲ್ಯಾಟಿನ ಗೇಟು, ಬಿಳಿ ಅಂಗಿಯವ, ಕೂಲಿಂಗ್ ಗ್ಲಾಸು, ಹುಲಿ ನೆಲದ ನೋಟು ಬಾಯಲ್ಲಿ ಎತ್ತುದು ನೋಡ್ಬೇಕು, ನನ್ನ ಹತ್ರ ಕ್ಯಾಶ್ ಇಲ್ಲ, ಫೋನಿನಲ್ಲಿ ಹಾಕ್ತೇನೆ, ನೀವು ನೋಟು ಕೊಡಿ ಅಂದ. ಎಲ್ಲ ತಂಡದವರೂ ಮಾಡುವುದೇ ಅದು, ನೋಟಿಲ್ಲದವ ನೋಟು ಹಾಸುವುದು ಹೇಗೆ ಮತ್ತೆ, ಅವನು ಹಾಕಿದ ಮೊತ್ತ ನೋಡಿ ಮುಖೇಶಣ್ಣನ ಹುಬ್ಬು ಮೇಲೆ ಹೋಯಿತು, ಕೊಡುದಾ ಅಂತ ಕಣ್ಣಲ್ಲೇ ಕೇಳಿದ, ಹಿತೇಶ ಹುಲಿಯ ತಲೆ ಆಡಿಸಿದ, ಕೊಡು. ದಿನವಿಡೀ ಕುಣಿದು ಗಳಿಸಿದ ನೋಟಿನ ಕಟ್ಟು ಆ ಕೈಗೆ ಹೋಯಿತು, ಅವನು ಅದರಲ್ಲಿ ಒಂದನ್ನು ಮಾತ್ರ ಉದ್ದಕ್ಕೆ ಮಡಚಿ, ಗುಡಾರದ ಹಾಗೆ ನೆಲದ ಮೇಲೆ ನಿಲ್ಲಿಸಿ, ಉಳಿದದ್ದನ್ನು ಕಿಸೆಗೆ ಹಾಕಿಕೊಂಡ. ತಾಸೆ ಏರಿತು. ಕೈ ಬೆನ್ನ ಹಿಂದೆ, ಕಾಲು ಅಗಲ, ಸೊಂಟ ಬಗ್ಗಿತು, ಕೈ ತಾಗಿದರೆ ಹುಲಿಯ ಮಾನ ಹೋಯಿತು, ಬೆವರು ಪೈಂಟಿನ ಮೇಲೆ ಜಾರಿ ಕಣ್ಣಿಗೆ, ತುಟಿಗೆ ರಸ್ತೆಯ ಧೂಳು, ಕಾಗದದ ಅಂಚು, ಹಲ್ಲಿಗೆ ಸಿಕ್ಕಿತು, ಜನ ಶಿಳ್ಳೆ ಹೊಡೆದರು, ಎದ್ದು ನಿಂತಾಗ ಬಿಳಿ ಅಂಗಿ ಇರಲಿಲ್ಲ, ಯಾರೂ ಹುಡುಕಲಿಲ್ಲ, ಯಾಕೆ ಹುಡುಕಬೇಕು. ಫೋನ್ ಬಂದದ್ದು ಉತ್ತರದ ಯಾವುದೋ ಊರಿನ ಸೈಬರ್ ಪೊಲೀಸರಿಂದ, ರಿಟೈರಾದ ಟೀಚರೊಬ್ಬಳನ್ನು ವಿಡಿಯೋ ಕಾಲಿನಲ್ಲಿ ಹೆದರಿಸಿ ಕಿತ್ತ ದುಡ್ಡು ನಿನ್ನ ಖಾತೆಗೆ ಹೇಗೆ ಬಂತು, ಹಿಂದಿಯಲ್ಲಿ ಹುಲಿವೇಷಕ್ಕೆ ಏನನ್ನುತ್ತಾರೋ ಗೊತ್ತಿಲ್ಲ, ಮೈ ಬಾಘ್ ಥಾ ಸರ್, ನಾನು ಹುಲಿಯಾಗಿದ್ದೆ ಅಂದ, ಆ ಕಡೆಯವನು ಇನ್ನೊಮ್ಮೆ ಹೇಳಿಸಿದ. ಆಮೇಲೆ ಬೈದ, ಖಾತೆಗೆ ಬೀಗ ಬಿತ್ತು, ಪ್ಯಾನ್ ನಂಬರಿಗೆ ಕೆಂಪು ಗುರುತು. ಮುಖೇಶಣ್ಣ ಈಗ ದೋಹಾದಲ್ಲಿ, ಮೆಸೇಜಿಗೆ ಒಂದೇ ಟಿಕ್ಕು, ಎರಡನೆಯದು ಬೀಳುವುದಿಲ್ಲ. ಆ ಟೀಚರ್ ಬದುಕಿದ್ದಾಳಾ, ಕೇಳಲಿಲ್ಲ, ಕೇಳಬೇಕಿತ್ತು, ಕೇಳಿದ್ದರೆ ಎಂತ ಆಗುತ್ತಿತ್ತು, ಏನೂ ಆಗುತ್ತಿರಲಿಲ್ಲ.

ಬಾ, ಕೂತುಕೋ ಅಂದಳು ಕೌಂಟರಿನವಳು, ಮೇಜಿನ ಮೇಲಿನ ಹಲಗೆಯಲ್ಲಿ ಮಗ್ದಲೀನ್ ಅಂತಿದೆ, ಕುತ್ತಿಗೆಯಲ್ಲಿ ಸಣ್ಣ ಶಿಲುಬೆ, ಅಮ್ಮನ ಪ್ರಾಯ, ಇವಳಾದರೂ — ಕಾಗದ ತೆಗೆದುಕೊಂಡಳು, ಖಾತೆಗೆ ಮೊದಲು ಕಟ್ಟಲೆಂದು ತಂಗಿ ನಿರೀಕ್ಷಾ ಮಡಚಿ ಕೊಟ್ಟ ನೋಟು ಕ್ಲಿಪ್ಪಿನಲ್ಲುಂಟು, ಕೀಲಿಗಳ ಸದ್ದು, ತಾಸೆಯ ಸಣ್ಣ ಪೆಟ್ಟಿನ ಹಾಗೆ, ಒತ್ತುತ್ತಾಳೆ, ಒತ್ತುತ್ತಾಳೆ, ಹೋಗು, ಮುಂದೆ ಹೋಗು, ನಿಂತಿತು. ಅವಳ ಕನ್ನಡಕದ ಗಾಜಿನಲ್ಲಿ ಕಂಪ್ಯೂಟರ್ ಪರದೆಯ ಕೆಂಪು. ನೀನು ಯಾರಿಗಾದರೂ ಅಕೌಂಟ್ ಕೊಟ್ಟಿದ್ದೆಯಾ ಮಗಾ, ದನಿ ತಗ್ಗಿಸಿ ಕೇಳಿದಳು, ಅದೇ ಕೆಟ್ಟದ್ದು, ಗಟ್ಟಿಯಾಗಿ ಕೇಳಿದ್ದರೆ ಜಗಳ ಮಾಡಬಹುದಿತ್ತು. ಕೊಟ್ಟಿಲ್ಲ ಮೇಡಂ, ಕುಣಿದದ್ದು. ಎಲ್ಲ ಹೇಳಿದ, ಗೇಟು, ಬಿಳಿ ಅಂಗಿ, ನೋಟು, ಹಿಂದೆ ಕೂತವರು ಕೇಳಿಸಿಕೊಳ್ಳಲಿ. ನನ್ನ ಮಗ ಸಹ ನಿಮ್ಮ ಹುಲಿ ನೋಡ್ಲಿಕ್ಕೆ ಓಡ್ತಾನೆ, ಅಂದಳು, ಆದರೆ ಹುಲಿ ಅಂತ ಬರೀಲಿಕ್ಕೆ ಇದರಲ್ಲಿ ಜಾಗ ಇಲ್ಲ, ಆ ಸ್ಟೇಷನ್ನಿಗೆ ಹೋಗಿ ನಿನ್ನ ತಪ್ಪಿಲ್ಲ ಅಂತ ಕಾಗದ ತಾ, ಆಮೇಲೆ ನೋಡುವ. ಹೋಗಲಿಕ್ಕೆ ರೈಲಿನ ದುಡ್ಡು ಬೇಕು, ದುಡ್ಡಿಗೆ ಸಂಬಳ, ಸಂಬಳಕ್ಕೆ ಖಾತೆ, ಖಾತೆಗೆ ಕಾಗದ, ಮೇಡಂ ಬರೀ ಸಂಬಳ ಹಾಕಲಿಕ್ಕೆ, ತೆಗೆಯುವುದೂ ಬೇಡ, ಬೇಕಾದರೆ ಬೀಗ ಹಾಕಿ, ನಂಬರ್ ಒಂದು ಕೊಡಿ, ನಂಬರ್ ಮಾತ್ರ — ಅವಳು ಕಾಗದಗಳನ್ನು ಮೇಜಿನ ಮೇಲೆ ಈಚೆ ದೂಡಿದಳು, ಮೆಲ್ಲಗೆ, ಎರಡೂ ಕೈಯಲ್ಲಿ. ಕ್ಲಿಪ್ಪು ಜಾರಿತು.

ನೋಟು ಬಿದ್ದಿದೆ. ತಂಗಿ ಉದ್ದಕ್ಕೆ ಮಡಚಿದ ನೋಟು, ಬಿದ್ದದ್ದು ಬಿದ್ದ ಹಾಗೆ ಗುಡಾರವಾಗಿ ನಿಂತಿದೆ, ಸವೆದ ಹಳದಿ ಹಿಮ್ಮಡಿಯ ಪಕ್ಕ. ನಿಂದು ಬಿತ್ತು ಅಂತ ಹಿಂದಿನಿಂದ ಯಾರೋ. ಗೊತ್ತುಂಟು. ತೊಡೆಯ ಹತ್ತಿರ ಫೋನು ಗುರುಗುಟ್ಟುತ್ತಿದೆ, ಬ್ರೆಂಡಾ ಮೇಡಂ, ಎತ್ತಬೇಕು, ಫೋನು, ಇಲ್ಲ ನೋಟು, ಯಾವುದನ್ನಾದರೂ ಎತ್ತಬೇಕು, ಬಗ್ಗಿದ, ಕಾಲು ಅಗಲವಾಗಿದೆ, ಕೈ ಎಲ್ಲಿ, ಕೈಗಳು ಬೆನ್ನ ಹಿಂದೆ ಹೋಗಿ ಒಂದನ್ನೊಂದು ಹಿಡಿದುಕೊಂಡು ನಿಂತಿವೆ, ಬಾ ಅಂದರೆ ಬರುವುದಿಲ್ಲ, ಇಡೀ ಬ್ಯಾಂಕು ನೋಡುತ್ತಿದೆ, ತುಟಿಗೆ ಧೂಳು, ಇನ್ನೂ ಮುಟ್ಟದ ಧೂಳು, ಕಾಗದದ ಅಂಚು, ಮಡಚಿ ನಿಲ್ಲಿಸಿದ ನೋಟು, ನೆಲದ ಮೇಲೆ ನೋಟು —