ಒಂಬತ್ತನೇ ಹಾಳೆ, ಏಳನೇ ಸಾಲು

ಎಲ್ಡನ್ ಟೌನ್‌ಶಿಪ್ಪನ್ನು ಮುಚ್ಚಿಬಿಡಬೇಕೆಂದು ಅರ್ಜಿ ಬಿದ್ದಿದೆ ಎಂದಾಗ ರಸ್ತೆ ಕಮಿಷನರ್ ಡುವೇನ್ ಕ್ಲಾಸೆನ್ ಮೊದಲು ನಕ್ಕುಬಿಟ್ಟ. ನಗದೆ ಇನ್ನೇನು ಮಾಡುತ್ತಾನೆ? ಇದ್ದದ್ದೇ ಮೂವತ್ತಾರು ಚದರ ಮೈಲಿ ಮೆಕ್ಕೆಜೋಳದ ಹೊಲ, ನಲವತ್ತೊಂದು ಮೈಲಿ ರಸ್ತೆ, ಹಿಮ ತೆಗೆಯುವ ಎರಡು ಲಾರಿ, ಒಂದು ಸ್ಮಶಾನ, ಒಂದು ತಗಡಿನ ಶೆಡ್ಡು. ಅದಕ್ಕೊಂದು ಚುನಾಯಿತ ಸರ್ಕಾರ. ಆ ಸರ್ಕಾರವನ್ನು ತೆಗೆದು ಎಲ್ಲವನ್ನೂ ಟಾಲ್‌ಮನ್ ಕೌಂಟಿಯ, ಅಂದರೆ ಜಿಲ್ಲಾಡಳಿತದ, ಕೈಗೆ ಕೊಡಬೇಕಂತೆ. ಬೇಕೋ ಬೇಡವೋ ಅಂತ ಮಾರ್ಚ್ ಚುನಾವಣೆಯಲ್ಲಿ ಜನರೇ ಮತ ಹಾಕಬೇಕಂತೆ.

"ಮುಚ್ಚಲಿ ಬಿಡು. ಜನವರಿಯಲ್ಲಿ ಬಿದ್ದ ಹಿಮ ತೆಗೆಯೋಕೆ ಕೌಂಟಿಯವರು ಏಪ್ರಿಲ್‌ನಲ್ಲಿ ಬರ್ತಾರೆ. ಅಷ್ಟರಲ್ಲಿ ಅದೇ ಕರಗಿ ಹೋಗಿರತ್ತೆ, ಅವರಿಗೂ ಕೆಲಸ ಇಲ್ಲ" ಎಂದಿದ್ದ.

ಆದರೆ ಟೌನ್‌ಶಿಪ್ಪಿನ ಮುಖ್ಯಸ್ಥ, ಅಂದರೆ ಸೂಪರ್‌ವೈಸರ್, ವರ್ನ್ ಡೀಕ್‌ಮನ್ ನಗಲಿಲ್ಲ. ವರ್ನ್ ಮತ್ತು ಡುವೇನ್ ಮೂವತ್ತು ವರ್ಷದ ಸ್ನೇಹಿತರು, ಚರ್ಚಿನಲ್ಲಿ ಒಂದೇ ಬೆಂಚು, ಕೆಫೆಯಲ್ಲಿ ಒಂದೇ ಮೇಜು. "ನೂರ ಮೂವತ್ತೊಂದು ಸಹಿ ಬಿದ್ದಿದೆ ಕಣೋ. ಬೇಕಾದದ್ದು ನೂರ ಹದಿನೆಂಟು. ನಿನ್ನ ಹಲ್ಲು ಆಮೇಲೆ ತೋರಿಸು. ಐದು ದಿನದೊಳಗೆ ತಕರಾರು ಹಾಕಬೇಕು" ಎಂದು ಅರ್ಜಿಯ ನಕಲನ್ನು ತಂದು ಶೆಡ್ಡಿನ ಮೇಜಿನ ಮೇಲೆ ಬಡಿದ.

ಸಹಿ ಕೂಡಿಸಿದವಳು ಕೆಂಡ್ರಾ ಪಾಲಕ್ ಎಂಬ ಹೆಂಗಸು. ಹೊಸ ಬಡಾವಣೆಗೆ ಬಂದು ಎರಡು ವರ್ಷ ಆಗಿತ್ತಷ್ಟೆ. ಎರಡೆರಡು ಸರ್ಕಾರಕ್ಕೆ ತೆರಿಗೆ ಯಾಕೆ ಎಂಬುದು ಅವಳ ವಾದ. ಡಿಸೆಂಬರಿನ ಮೊದಲ ಹಿಮದಲ್ಲಿ ಮನೆಮನೆ ತಿರುಗಿದ್ದಳು. ಎಲ್ಡನ್‌ನವರ ಜಾಯಮಾನವೇ ಅಂಥದ್ದು, ಹಿಮದಲ್ಲಿ ನಡೆದು ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಬರಿಗೈಲಿ ಕಳಿಸಲಾರರು. ಒಳಗೆ ಕರೆದು ಕಾಫಿ ಕೊಡುತ್ತಾರೆ, ಬೆಣ್ಣೆ ಬಿಸ್ಕತ್ತು ಕೊಡುತ್ತಾರೆ, ಕೇಳಿದರೆ ಸಹಿಯನ್ನೂ ಕೊಡುತ್ತಾರೆ. ಪಾಪ, ಇಷ್ಟು ದೂರ ಬಂದಿದ್ದಾಳೆ, ಒಂದು ಸಹಿಯಿಂದ ನಮ್ಮ ಗಂಟೇನು ಹೋಗುತ್ತದೆ ಅಂತ. ಹೋಗುವುದು ತಮ್ಮದೇ ಗಂಟು ಎಂದು ಯಾರಿಗೂ ಹೊಳೆಯಲಿಲ್ಲ.

ಇಬ್ಬರೂ ಹಾಳೆಗಳನ್ನು ಹಂಚಿಕೊಂಡು ಕೂತರು. ಟೌನ್‌ಶಿಪ್ಪಿನ ಗಡಿ ದಾಟಿದ ಮನೆಯವರು ಆರು ಜನ. ಎರಡು ಸಲ ಸಹಿ ಮಾಡಿದವರು ಮೂರು. ಮತದಾರರೇ ಅಲ್ಲದವರು ನಾಲ್ಕು. ಒಟ್ಟು ಹದಿಮೂರು ಹೊಡೆದುಹಾಕಿದರೆ ಉಳಿಯುವುದು ಸರಿಯಾಗಿ ನೂರ ಹದಿನೆಂಟು. ಇನ್ನೊಂದೇ ಒಂದು ಬಿದ್ದರೆ ಅರ್ಜಿ ಕಸದ ಬುಟ್ಟಿಗೆ.

ಆ ಇನ್ನೊಂದು ಡುವೇನ್ ಕೈಯಲ್ಲೇ ಇತ್ತು. ಒಂಬತ್ತನೇ ಹಾಳೆ, ಆರನೇ ಸಾಲಿನಲ್ಲಿ ಲವೋನ್ ಕ್ಲಾಸೆನ್, ಅವನ ಹೆಂಡತಿ. ಏಳನೇ ಸಾಲಿನಲ್ಲಿ ಡುವೇನ್ ಕ್ಲಾಸೆನ್, ಅವನೇ. ಎರಡೂ ಒಂದೇ ಕೈಬರಹ, ದುಂಡಗೆ, ಅಚ್ಚುಕಟ್ಟಾಗಿ. ಇಪ್ಪತ್ತೇಳು ವರ್ಷ ಶಾಲೆಯ ಕಚೇರಿಯಲ್ಲಿ ಹಾಜರಿ ಪುಸ್ತಕ ಬರೆದ ಕೈ ಅದು. ಡುವೇನ್ ಏನೂ ನೋಡಿಲ್ಲದವನಂತೆ ಹಾಳೆ ಮಗುಚಿ ಹಾಕಿದ.

ವರ್ನ್ ಎಂಥ ಆಸಾಮಿ ಅಂದರೆ, ಒಬ್ಬರು ಎಣಿಸಿದ್ದನ್ನು ತಾನು ಇನ್ನೊಮ್ಮೆ ಎಣಿಸದೆ ಬಿಡುವವನಲ್ಲ. ಡುವೇನ್‌ನ ಹಾಳೆಗಳನ್ನೂ ಎಳೆದುಕೊಂಡು ನೋಡಿದ. ಒಂಬತ್ತಕ್ಕೆ ಬಂದವನೇ ಮೇಜು ಗುದ್ದಿದ.

"ಏ! ಆ ಹೆಂಗಸಿಗೆ ಎಷ್ಟು ಧೈರ್ಯ ನೋಡೋ! ನಿಮ್ಮಿಬ್ಬರ ಹೆಸರನ್ನೂ ತಾನೇ ಗೀಚಿದ್ದಾಳೆ. ರಸ್ತೆ ಕಮಿಷನರ್ ಹೆಸರೇ! ಇದು ನಿನ್ನ ಸಹಿನಾ? ನಿನ್ನ ಸಹಿ ಕೋಳಿ ಕೆರೆದಂಗಿರತ್ತೆ, ನನಗೆ ಗೊತ್ತಿಲ್ವಾ? ಸಿಕ್ಕಿಬಿದ್ದಳು ಬಿಡು. ವಿಚಾರಣೆಯಲ್ಲಿ ನೀನು ಎದ್ದು ನಿಂತು 'ಇದು ನಂದಲ್ಲ' ಅಂದ್ರೆ ಸಾಕು."

ಡುವೇನ್ "ಹೂಂ" ಎಂದ.

ಮನೆಗೆ ಬಂದಾಗ ಲವೋನ್ ಆಲೂಗಡ್ಡೆ ಸುಲಿಯುತ್ತಿದ್ದಳು. ಟೊಪ್ಪಿಗೆಯನ್ನೂ ತೆಗೆಯದೆ ಕೇಳಿದ. "ಆ ಕೆಂಡ್ರಾ ಇಲ್ಲಿಗೆ ಬಂದಿದ್ಳಾ?"

"ಬಂದಿದ್ಳು. ಮೂಗು ಕೆಂಪಾಗಿತ್ತು ಪಾಪ. ಕಾಫಿ ಕೊಟ್ಟೆ."

"ಸಹಿನೂ ಕೊಟ್ಟೆ."

"ಹೂಂ. ನಿಮ್ಮನೆಯವರು ಇಲ್ವಾ ಅಂದ್ಳು. ಹಿಮ ತೆಗೆಯೋಕೆ ಹೋಗಿದ್ದಾರೆ, ಅವರದ್ದೂ ನಾನೇ ಹಾಕ್ತೀನಿ ಅಂದೆ. ತುಂಬ ಮನೆಯಲ್ಲಿ ಹೀಗೇ ಮಾಡ್ತಾರೆ ಅಂತ ಅವಳೂ ಸುಮ್ನಾದ್ಳು."

ಡುವೇನ್‌ಗೆ ತುಸು ಜೀವ ಬಂತು. ಇದು ಎಲ್ಡನ್‌ನ ಹಳೇ ಕಾಯಿಲೆ, ಮರ್ಯಾದೆಯ ಕಾಯಿಲೆ, ಅಷ್ಟೇ. "ಅಲ್ಲ ಮಾರಾಯ್ತಿ, ಅದರಲ್ಲಿ ಏನಿದೆ ಅಂತ ಓದ್ಬಾರ್ದಾ? ಸುಮ್ನೆ ದಾಕ್ಷಿಣ್ಯಕ್ಕೆ..."

"ಓದಿದೆ." ಲವೋನ್ ಚಾಕು ಕೆಳಗಿಟ್ಟಳು. "ಎರಡು ಸಲ ಓದಿದೆ. ಆಮೇಲೇ ಹಾಕಿದೆ."

ಅವನು ಕುರ್ಚಿ ಎಳೆದುಕೊಂಡು ಕೂತ.

"ಕಳೆದ ಚುನಾವಣೆಗೆ ನಿಂತಾಗ ಇದೇ ಕೊನೇದು ಅಂದೆ. ಅದರ ಹಿಂದಿಂದಕ್ಕೂ ಅಂದೆ. ನಿನ್ನ ಹೃದಯದೊಳಗೆ ಡಾಕ್ಟರು ಸ್ಪ್ರಿಂಗ್ ಕೂರಿಸಿದ ದಿನ ನನ್ನ ಕೈ ಹಿಡ್ಕೊಂಡು ಇನ್ನೊಂದು ಚಳಿಗಾಲ ಅಷ್ಟೇ ಅಂದೆ. ಅದಾಗಿ ಮೂರು ಚಳಿಗಾಲ ಆಯ್ತು ಡುವೇನ್. ಹೋದ ಸಲ ಲಾರಿ ಹಳ್ಳಕ್ಕೆ ಜಾರಿ ನಾಲ್ಕು ಗಂಟೆ ನಿನ್ನ ಸುದ್ದಿ ಇಲ್ಲ. ವೈರ್‌ಲೆಸ್ ರೇಡಿಯೋ ಮುಂದೆ ಕೂತು ನಾನು ನಿನ್ನ ಸಾವಿಗೆ ಯಾರ್ಯಾರನ್ನ ಕರೀಬೇಕು ಅಂತ ಪಟ್ಟಿ ಮಾಡ್ತಿದ್ದೆ. ಗೊತ್ತಾ ನಿನಗೆ? ನಿಜವಾಗ್ಲೂ ಬರೀತಾ ಇದ್ದೆ, ಪೆನ್ಸಿಲ್ಲಿನಲ್ಲಿ. ನೀನಾಗಿ ಬಿಡಲ್ಲ. ಕೆಲಸಾನೇ ಇಲ್ಲದಂಗಾದ್ರೆ ಬಿಡ್ತೀಯ ಅಂತ ಹಾಕಿದೆ. ಸಿಟ್ಟು ಬಂದ್ರೆ ಬರಲಿ."

ಸಿಟ್ಟೇನೋ ಬಂತು. ಇಪ್ಪತ್ತೆರಡು ವರ್ಷ ಮುಂಜಾನೆ ಮೂರಕ್ಕೆದ್ದು ತೆಗೆದ ರಸ್ತೆ! ಶಾಲೆಯ ಬಸ್ಸು ಒಂದು ದಿನ ತಪ್ಪಿಲ್ಲ. ಡಯಾಲಿಸಿಸ್‌ಗೆ ಹೋಗುವ ಮಿಸೆಸ್ ಹಾರ್ಮ್ಸ್‌ಗೆ ಒಂದು ದಿನ ದಾರಿ ಮುಚ್ಚಿಲ್ಲ. ಅದನ್ನೆಲ್ಲ ಅಡಿಗೆಮನೆಯ ಮೇಜಿನ ಮೇಲೆ ಒಂದು ಸಹಿಯಲ್ಲಿ ಮುಗಿಸಿಬಿಟ್ಟಳಲ್ಲ ಎಂದು ಕೂಗಾಡಬೇಕೆನಿಸಿತು. ಆದರೆ ಆ ಪಟ್ಟಿಯ ಮಾತು ನೆನಪಾಗಿ ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟ.

"ವರ್ನ್ ಅದಕ್ಕೆ ತಕರಾರು ಹಾಕ್ತಾನೆ. ನನ್ನ ಸಹಿ ಅಲ್ಲ ಅಂದ್ರೆ, ಇದು ಕೆಂಡ್ರಾ ಮಾಡಿದ ಖೋಟಾ ಅಂತ ಕೇಸು ಮಾಡಿಸ್ತಾನಂತೆ" ಎಂದ.

"ಅವಳ ಮೇಲೆ ಯಾಕೆ? ನಾನು ಹಾಕಿದ್ದು ಅಂತ ಹೇಳು. ಅದೇ ನಿಜ ತಾನೇ."

"ಊರೆಲ್ಲ ಏನನ್ನತ್ತೆ ಗೊತ್ತಾ?"

"ಗೊತ್ತು. ನಾನು ಅನ್ನಿಸ್ಕೋತೀನಿ. ನೀನು ಸತ್ಯ ಹೇಳು, ನಿನ್ನ ಟೌನ್‌ಶಿಪ್ ಉಳಿಸ್ಕೋ." ಮತ್ತೆ ಚಾಕು ಕೈಗೆತ್ತಿಕೊಂಡಳು.

ಜನವರಿ ಎರಡನೇ ವಾರ ಕೌಂಟಿ ಕಚೇರಿಯಲ್ಲಿ ವಿಚಾರಣೆ. ಮೂವರು ಅಧಿಕಾರಿಗಳು ಒಂದು ಕಡೆ, ಮಡಚುವ ಕುರ್ಚಿಗಳಲ್ಲಿ ಅರ್ಧ ಎಲ್ಡನ್ ಇನ್ನೊಂದು ಕಡೆ. ಲವೋನ್ ಬರಲಿಲ್ಲ. ಡುವೇನೇ ಬರಬೇಡ ಎಂದಿದ್ದ. ಕೆಂಡ್ರಾ ಮೊದಲ ಸಾಲಿನಲ್ಲಿ ಬಿಳಿಚಿಕೊಂಡು ಕೂತಿದ್ದಳು. ಹದಿಮೂರು ಸಹಿಗಳು ಒಂದೊಂದಾಗಿ ಬಿದ್ದವು. ಪ್ರತಿಯೊಂದು ಬಿದ್ದಾಗಲೂ ವರ್ನ್ ಮೊಣಕೈಯಿಂದ ಡುವೇನ್‌ನನ್ನು ತಿವಿಯುತ್ತಿದ್ದ.

ಕೊನೆಗೆ ಅಧ್ಯಕ್ಷೆ ಒಂಬತ್ತನೇ ಹಾಳೆ ಎತ್ತಿಕೊಂಡಳು. ಪಕ್ಕದಲ್ಲಿ ಡುವೇನ್‌ನ ಮತದಾರ ಚೀಟಿ. ಕನ್ನಡಕ ಮೇಲೇರಿಸಿ ಎರಡನ್ನೂ ನೋಡಿದಳು. ಅವಳ ಮುಖದಲ್ಲೇ ತೀರ್ಪು ಕಾಣುತ್ತಿತ್ತು.

"ಮಿಸ್ಟರ್ ಕ್ಲಾಸೆನ್, ಇದು ನಿಮ್ಮ ಸಹಿನಾ?"

ಡುವೇನ್ ಬಲಗೈ ಎತ್ತಿ ಪ್ರಮಾಣ ಮಾಡಿದ್ದ. ಸುಳ್ಳು ಹೇಳಿ ರೂಢಿಯಿರಲಿಲ್ಲ. ಅಲ್ಲ ಎಂದರೆ ರಸ್ತೆ ಉಳಿಯುತ್ತದೆ. ಅಲ್ಲ ಎಂದ ಕೂಡಲೇ ಮತ್ತೆ ಯಾರದ್ದು ಎಂಬ ಪ್ರಶ್ನೆ ಬರುತ್ತದೆ. ಮಡಚುವ ಕುರ್ಚಿಗಳಲ್ಲಿ ಕೂತವರೆಲ್ಲ ಭಾನುವಾರ ಚರ್ಚಿನಲ್ಲಿ ಲವೋನ್‌ಳ ಬೆನ್ನು ನೋಡುತ್ತಾ ಪಿಸುಗುಡುತ್ತಾರೆ. ಗಂಡನ ಹೊಟ್ಟೆಗೆ ಹೊಡೆದವಳು ಎನ್ನುತ್ತಾರೆ. ಅವಳು ಪೆನ್ಸಿಲ್ಲಿನಲ್ಲಿ ಬರೆದ ಇನ್ನೊಂದು ಪಟ್ಟಿಯನ್ನು ಯಾರೂ ನೋಡಿಲ್ಲವಲ್ಲ.

"ನಂದೇ" ಎಂದ.

ಅಧ್ಯಕ್ಷೆ ಮತ್ತೆ ನೋಡಿದಳು. "ಇದು ಮೇಲಿನ ಸಾಲಲ್ಲಿರೋ ನಿಮ್ಮ ಹೆಂಡತಿಯ ಅಕ್ಷರದ ಹಾಗಿದೆ. ನಿಮ್ಮ ಚೀಟಿಯಲ್ಲಿರೋ ಸಹಿ ಬೇರೆ ಥರ ಇದೆ."

"ಆಗ ತಾನೇ ಲಾರಿಯಿಂದ ಇಳಿದಿದ್ದೆ. ಕೈಗವಸು ಹಾಕ್ಕೊಂಡೇ ಬರೆದೆ."

ಹಿಂದಿನಿಂದ ಯಾರೋ ಕೂಗಿದರು. "ಹಾಗಾದ್ರೆ ಇನ್ಮೇಲೆ ಗವಸು ಹಾಕ್ಕೊಂಡೇ ಬರಿ ಡುವೇನ್, ಎಷ್ಟು ಚೆನ್ನಾಗಿ ಬರತ್ತೆ!" ಇಡೀ ಕೋಣೆ ಗೊಳ್ಳೆಂದು ನಕ್ಕಿತು. ಅಧ್ಯಕ್ಷೆ ನಗಲಿಲ್ಲ. ಅವಳಿಗೆ ಅರ್ಥವಾಗಿತ್ತೋ ಏನೋ, ಸಹಿ ಮಾಡಿದವರೇ ಒಪ್ಪಿಕೊಂಡ ಮೇಲೆ ತಕರಾರಿಗೆ ಅರ್ಥವಿಲ್ಲ ಎಂದು ತಳ್ಳಿಹಾಕಿದಳು. ನೂರ ಹದಿನೆಂಟು ನಿಂತಿತು.

ಕಾರು ನಿಲ್ಲಿಸಿದ್ದ ಜಾಗದಲ್ಲಿ ವರ್ನ್ ಅವನ ಕೋಟಿನ ಕಾಲರನ್ನೇ ಹಿಡಿದ. "ನೀನು ಹಾಕಿದ್ಯಾ? ನನ್ನ ಜೊತೆ ಕೂತು ಹಾಳೆ ಎಣಿಸಿದ್ಯಲ್ಲೋ, ನಾಚಿಕೆ ಆಗಲ್ವಾ ನಿನಗೆ! ಕೌಂಟಿಯವರು ಏನು ಕೊಡ್ತೀನಿ ಅಂದ್ರು?"

"ಯಾರೂ ಏನೂ ಕೊಡ್ತೀನಿ ಅಂದಿಲ್ಲ."

"ಮತ್ಯಾಕೆ?"

ಡುವೇನ್ ಕಾರಿನ ಬೀಗದ ಕೈಗೆ ಜೇಬು ತಡಕಿದ. ವರ್ನ್ ಕಾಲರು ಬಿಟ್ಟು ನೆಲಕ್ಕೆ ಉಗಿದು ಹೋದ. ಮೂವತ್ತು ವರ್ಷದ ಸ್ನೇಹ ಅಲ್ಲಿಗೆ ನಿಂತಿತು.

ಮಾರ್ಚಿನಲ್ಲಿ ಮತದಾನವಾಯಿತು. ಮುಚ್ಚಬೇಕು ಆರುನೂರ ನಾಲ್ಕು, ಬೇಡ ಐನೂರ ಐವತ್ತೆರಡು. ರಸ್ತೆ ಕಮಿಷನರೇ ಸಹಿ ಹಾಕಿದ ಮೇಲೆ ನಮಗೇನು ಎಂದು ಎಷ್ಟು ಜನ ಒತ್ತಿದರೋ ದೇವರೇ ಬಲ್ಲ. ಡುವೇನ್ ಬೇಡ ಎಂದೇ ಹಾಕಿದ್ದ. ಲವೋನ್ ಏನು ಹಾಕಿದಳೆಂದು ಕೇಳಲಿಲ್ಲ. ಜೂನಿನಲ್ಲಿ ಕೌಂಟಿಯವರು ಬಂದು ಎರಡೂ ಲಾರಿ ಒಯ್ದರು. ಬೇಕಾದರೆ ನೀನೇ ಓಡಿಸು, ಅದೇ ಲಾರಿ, ಅದೇ ರಸ್ತೆ ಎಂದು ಕೌಂಟಿಯ ಎಂಜಿನಿಯರ್ ಒಮ್ಮೆ ಫೋನು ಮಾಡಿದ. ಡುವೇನ್ ಬೇಡವೆಂದು ಇಟ್ಟುಬಿಟ್ಟ. ಕೆಫೆಯಲ್ಲಿ ಅವನ ಮೇಜಿನವರು ಅವನು ಬಂದರೆ ಮಾತು ಬದಲಿಸುತ್ತಿದ್ದರು. ಅವನು ಹೋಗುವುದನ್ನೇ ಬಿಟ್ಟ.

ಅಕ್ಟೋಬರಿನ ಒಂದು ಶನಿವಾರ ಲವೋನ್ ಬಿಡದೆ ಎಳೆದುಕೊಂಡು ಹೋದಳು. ಇಬ್ಬರೂ ಕಿಟಕಿಯ ಪಕ್ಕ ಕೂತು ಸೇಬಿನ ಪೈ ತರಿಸಿಕೊಂಡರು. ಸ್ವಲ್ಪ ಹೊತ್ತಿಗೆ ವರ್ನ್ ಒಳಗೆ ಬಂದ. ಅವರನ್ನು ನೋಡಿ ತಿರುಗಿಹೋಗುತ್ತಾನೆ ಅಂದುಕೊಂಡರೆ, ಸೀದಾ ಬಂದು ಮೇಜಿನ ಮುಂದೆ ನಿಂತ. ಒಂಬತ್ತು ತಿಂಗಳಲ್ಲಿ ಮುದುಕನಾಗಿದ್ದ.

"ಜಗಳ ಆಡೋಕೆ ಬಂದಿಲ್ಲ. ಎಲ್ಲ ಮುಗೀತಲ್ಲ. ಆದರೆ ನನಗೆ ಇವತ್ತಿಗೂ ಅದೇ ತಲೇಲಿ ಕೊರೀತಾ ಇದೆ ಕಣೋ. ಯಾಕೆ ಹಾಕ್ದೆ ಅಂತ ಒಂದು ಮಾತು ಹೇಳು. ಸಾಕು."

ಲವೋನ್ ಫೋರ್ಕು ಕೆಳಗಿಟ್ಟಳು. "ವರ್ನ್, ಅದು ಅವರಲ್ಲ..."

"ದಣಿದುಬಿಟ್ಟಿದ್ದೆ ಕಣೋ" ಎಂದ ಡುವೇನ್, ಅವಳ ಮಾತನ್ನು ತುಂಡರಿಸಿ. "ತುಂಬ ದಣಿದಿದ್ದೆ. ಬಿಡೋಕೆ ಬರಲಿಲ್ಲ, ಹೇಳೋಕೂ ಬಾಯಿರಲಿಲ್ಲ."

ಅವಳನ್ನು ತಪ್ಪಿಸಲೆಂದು ಬಾಯಿಗೆ ಬಂದದ್ದನ್ನು ಹೇಳಿದ್ದ. ಹೇಳಿ ಮುಗಿಸಿದ ಮೇಲೆ ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲವೆಂದು ಅವನಿಗೇ ಗೊತ್ತಾಯಿತು. ಕಣ್ಣಲ್ಲಿ ನೀರು ಬಂತು. ಮರೆಮಾಚಲು ಕೈಲಿ ಟೊಪ್ಪಿಗೆಯೂ ಇರಲಿಲ್ಲ. ವರ್ನ್ ಕುರ್ಚಿ ಎಳೆದುಕೊಂಡು ಕೂತು, "ಅಷ್ಟನ್ನ ನನಗೆ ಹೇಳೋಕೆ ಆಗ್ಲಿಲ್ವೇನೋ ನಿನಗೆ" ಎಂದ.